65 ಸಾವಿರಕ್ಕೆ ಅಕ್ಕನ ಮಗನ ಗೇಮಿಂಗ್ ಪಿಸಿ: ಎಸ್‌ಪಿ ರೋಡಿಂದ ಹಾಸನದ ಹಾಲ್‌ವರೆಗೆ

2024ರ ಆಗಸ್ಟಲ್ಲಿ ಅಕ್ಕ ಫೋನ್ ಮಾಡಿ "ಇವ್ನು ಬಿಸಿಎ ಸೇರಿದಾನಲ್ಲ, ಕಂಪ್ಯೂಟರ್ ಬೇಕಂತೆ ಕಣೋ, ನೀನೇ ನೋಡಿ ಕೊಡ್ಸು" ಅಂದ್ಲು. ಫೋನ್ ಇಟ್ಟು ಎರಡು ನಿಮಿಷ ಆಗಿಲ್ಲ ಅಷ್ಟ್ರಲ್ಲಿ ಅವಳ ಮಗನ ವಾಟ್ಸಾಪ್ ಬಂತು. "ಮಾಮ, ಅಮ್ಮಂಗೆ ಕಾಲೇಜಿಗೆ ಅಂತ ಹೇಳಿದೀನಿ, ಆದ್ರೆ ವ್ಯಾಲರಂಟ್ ಗೇಮ್ ಸ್ಮೂತಾಗಿ ಓಡ್ಬೇಕು, ಜಿಟಿಎ 5 ಕೂಡ." ಭಾವ ಕೊಟ್ಟಿದ್ದ ಲೆಕ್ಕ 65 ಸಾವಿರ, ಮಾನಿಟರ್ ಸೇರಿಸಿ. ಮೇಲೆ ಎಷ್ಟಾದ್ರೂ ಅದು ನನ್ನ ಜೇಬಿಂದಂತೆ. ಕೀಬೋರ್ಡು ಮೌಸು ಹೆಡ್‌ಫೋನು ಹುಡುಗನ ಹತ್ರ ಆಗ್ಲೇ ಇತ್ತು, ಅಷ್ಟು ಉಳೀತು.

ಅವನೇ ಒಂದು ಲಿಸ್ಟ್ ಕೂಡ ಕಳ್ಸಿದ್ದ. ಯಾವ್ದೋ ಸೆಕೆಂಡ್ ಹ್ಯಾಂಡ್ ಜಾಹೀರಾತಿನ ಸ್ಕ್ರೀನ್‌ಶಾಟ್ ಅದು, "ಐ7 ಗೇಮಿಂಗ್ ಪಿಸಿ, 32 ಜಿಬಿ ರ್‍ಯಾಮ್, 6 ಆರ್‌ಜಿಬಿ ಫ್ಯಾನ್" ಅಂತ ದಪ್ಪ ಅಕ್ಷರದಲ್ಲಿ, ಕ್ಯಾಬಿನೆಟ್ ನೋಡಿದ್ರೆ ಗಣಪತಿ ಪೆಂಡಾಲ್ ಥರ ಮಿನುಗ್ತಾ ಇತ್ತು. ಝೂಮ್ ಮಾಡಿ ನೋಡ್ತೀನಿ, ಐ7-3770. 2012ರ ಇಂಟೆಲ್ ಪ್ರೊಸೆಸರ್ ಚಿಪ್ ಅದು, 4 ಕೋರ್ 8 ಥ್ರೆಡ್ (4 ಜನ ಕೆಲಸಗಾರರು, ಒಟ್ಟಿಗೆ 8 ಕೆಲಸ ಅಂದ್ಕೊಳ್ಳಿ). 2022ರ ಐ3-12100ಎಫ್ ಕೂಡ 4 ಕೋರ್ 8 ಥ್ರೆಡ್ಡೇ, ಆದ್ರೆ ಅದರ ಮುಂದೆ ಈ ಹಳೇ ಐ7 ನಿಲ್ಲೋದೇ ಇಲ್ಲ. ಅದಲ್ದೆ ವಿಂಡೋಸ್ 11 ಇಂಟೆಲ್‌ನಲ್ಲಿ 8ನೇ ಜನರೇಷನ್‌ಗಿಂತ ಹಳೇದನ್ನ, ಕೆಲವನ್ನ ಬಿಟ್ರೆ, ಅಧಿಕೃತವಾಗಿ ಒಪ್ಪಲ್ಲ. "ಲೋ, ಐ7 ಅನ್ನೋದು ಮನೆತನದ ಹೆಸ್ರು ಇದ್ದಂಗೆ, ಯಾವ ತಲೆಮಾರಿನವ್ರು ಅಂತ ಕೇಳ್ದೆ ಹೆಣ್ಣು ಕೊಡ್ತಾರಾ" ಅಂತ ಬರೆದೆ. ನಗೋ ಇಮೋಜಿ ಬಂತು, ಅರ್ಥ ಆಯ್ತೋ ಇಲ್ವೋ ಗೊತ್ತಿಲ್ಲ.

ನಾನು ಪಾರ್ಟ್ಸ್ ಆರಿಸೋದು ಉಲ್ಟಾ ದಿಕ್ಕಿಂದ. ಮೊದ್ಲು ಮಾನಿಟರ್ ಯಾವ್ದು ಅಂತ ಫಿಕ್ಸ್ ಮಾಡ್ಕೋತೀನಿ, ಯಾಕಂದ್ರೆ ಎಷ್ಟು ಪಿಕ್ಸೆಲ್‌ನ ಸೆಕೆಂಡಿಗೆ ಎಷ್ಟು ಸಲ ಬಿಡಿಸ್ಬೇಕು ಅಂತ ಹೇಳೋದು ಅದೇ. ಈ ಬಜೆಟ್ಟಲ್ಲಿ 24 ಇಂಚು, 1080ಪಿ (ಪಿಕ್ಸೆಲ್ ಲೆಕ್ಕ), 165 ಹರ್ಟ್ಜ್ (ಸೆಕೆಂಡಿಗೆ 165 ಸಲ), ಮುಗೀತು. 1440ಪಿ ಆಸೆ ಬಿಟ್ಬಿಡ್ಬೇಕು. 60 ಹರ್ಟ್ಜ್ ಮಾನಿಟರ್ ತಗೊಂಡು 3 ಸಾವಿರ ಉಳಿಸ್ತೀನಿ ಅನ್ನೋದೂ ನನ್ನ ಪ್ರಕಾರ ದಂಡ, ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ 200 ಫ್ರೇಮ್ (ಚಿತ್ರ) ಕೊಟ್ಟ್ರೂ ಕಣ್ಣಿಗೆ ಕಾಣೋದು 60ನೇ.

ಅದಾದ್ಮೇಲೆ ಆ ಚಿತ್ರ ಬಿಡಿಸೋ ಗ್ರಾಫಿಕ್ಸ್ ಕಾರ್ಡ್, ಒಟ್ಟು ದುಡ್ಡಲ್ಲಿ ಹೆಚ್ಚೂಕಮ್ಮಿ ಮೂರನೇ ಒಂದು ಭಾಗ ಇದಕ್ಕೇ ಹೋಗತ್ತೆ, ಹೋಗ್ಬೇಕು ಕೂಡ. ಇಲ್ಲಿ ಒಂದು ವಾರ ತಲೆ ಕೆಡಿಸ್ಕೊಂಡೆ. ಎಎಂಡಿ ಕಂಪನಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಕಮ್ಮಿ ಬೆಲೆಗೆ ಸಿಗ್ತಿತ್ತು ಆದ್ರೆ ಅದ್ರಲ್ಲಿ ಇರೋದು 4 ಜಿಬಿ ಮೆಮೊರಿ, ಮೇಲಿಂದ ಮದರ್‌ಬೋರ್ಡ್ ಜೊತೆ ಮಾತಾಡಕ್ಕೆ ಬರೀ 4 ಲೇನ್ (ದಾರಿ), ಪಿಸಿಐಇ 3.0 (ಆ ದಾರಿಯ ಹಳೇ, ನಿಧಾನದ ತಲೆಮಾರು) ಬೋರ್ಡಿಗೆ ಹಾಕಿದ್ರೆ ಉಸಿರು ಕಟ್ಟತ್ತೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 3050ರಲ್ಲಿ ಎರಡು ಥರ ಇದೆ, 8 ಜಿಬಿದು ಒಂದು, 2024ರಲ್ಲಿ ಬಂದ 6 ಜಿಬಿದು ಇನ್ನೊಂದು. ಹೆಸ್ರು ಒಂದೇ ಆದ್ರೂ 6 ಜಿಬಿದ್ರಲ್ಲಿ ಕೋರ್‌ಗಳೇ ಕಮ್ಮಿ, 70 ವ್ಯಾಟಲ್ಲಿ ನಡಿಯತ್ತೆ, ಪವರ್ ಕೇಬಲ್ಲೇ ಬೇಡ. ಹಳೇ ಆಫೀಸ್ ಪಿಸಿಗೆ ಸಿಗಿಸೋರಿಗೆ ಅದು ಒಳ್ಳೇದು, ಹೊಸದಾಗಿ ಕಟ್ಟೋರಿಗೆ ಅಲ್ಲ. ಕೊನೆಗೆ ಆರ್‌ಎಕ್ಸ್ 6600. 8 ಜಿಬಿ ಇದೆ, ಕಾರ್ಡ್ ಎಳ್ಕೊಳ್ಳೋದು 132 ವ್ಯಾಟ್ ಅಷ್ಟೇ, 1080ಪಿಗೆ 3050ಗಿಂತ ಸಲೀಸಾಗಿ ಮುಂದಿದೆ. 20,500ಕ್ಕೆ ಸಿಕ್ತು. ಒಂದು ಮಾತು, ಹುಡುಗ ಮೆಷಿನ್ ಲರ್ನಿಂಗ್ ಮಾಡ್ತೀನಿ ಅಂತ ಗಟ್ಟಿಯಾಗಿ ಹೇಳಿದ್ದಿದ್ರೆ ನಾನು ಹೇಗಾದ್ರೂ ಎಳೆದಾಡಿ ಆರ್‌ಟಿಎಕ್ಸ್ 3060 12 ಜಿಬಿ ತಗೋತಿದ್ದೆ, ಆ ಕೆಲಸಕ್ಕೆ ಎನ್‌ವಿಡಿಯಾ ಕೂಡಾ ಇಲ್ದೆ ಒದ್ದಾಟ (ಕೂಡಾ ಅಂದ್ರೆ ಕನ್ನಡದ 'ಸಹ' ಅಲ್ಲ, ಅವರ ಸಾಫ್ಟ್‌ವೇರ್ ಹೆಸ್ರು). ಅವನು ಹೇಳಿದ್ದು ವ್ಯಾಲರಂಟ್.

ನಡುವೆ ಒಂದಿನ ಮನಸ್ಸು ಜಾರಿತ್ತು. ಆರ್‌ಎಕ್ಸ್ 580 8 ಜಿಬಿ, "ಹೊಸ ಪೀಸ್", 7 ಸಾವಿರಕ್ಕೆ. ಆಮೇಲೆ ಸಣ್ಣ ಅಕ್ಷರ ಓದಿದ್ರೆ 2048ಎಸ್‌ಪಿ ಅಂತಿದೆ. ಅಸ್ಲಿ 580ಯಲ್ಲಿ 2304 ಸ್ಟ್ರೀಮ್ ಪ್ರೊಸೆಸರ್ (ಕಾರ್ಡಿನ ಕೋರ್‌ಗಳು) ಇರತ್ತೆ, ಇದು ಚೀನಾ ಮಾರ್ಕೆಟ್ಟಿಗೆ ಅಂತ ಬಿಟ್ಟಿದ್ದ ಕಮ್ಮಿ ಕೋರಿನ ಕಾರ್ಡು. 2022ರ ಸೆಪ್ಟೆಂಬರಲ್ಲಿ ಈಥಿರಿಯಂ ಮೈನಿಂಗ್ (ಕಾರ್ಡ್ ದುಡಿಸಿ ಡಿಜಿಟಲ್ ನಾಣ್ಯ ಗಳಿಸೋದು) ನಿಂತ್ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡುಗಳು ತೊಳೆದು ಒರೆಸ್ಕೊಂಡು ಬೇಕಾದಷ್ಟು ಸೆಕೆಂಡ್ಸ್ ಮಾರ್ಕೆಟ್ಟಿಗೆ ಬಂದ್ವು. ನನಗೇ ಆದ್ರೆ ರಿಸ್ಕ್ ತಗೋತಿದ್ದೆ. 180 ಕಿಲೋಮೀಟರ್ ದೂರದ ಅಕ್ಕನ ಮನೇಲಿ ಕೆಟ್ಟ್ರೆ ಪ್ರತಿ ಶನಿವಾರ ನಾನೇ ಬಸ್ ಹತ್ತಬೇಕು, ಬೇಡ.

ಶನಿವಾರ ಬೆಳಗ್ಗೆ 11ಕ್ಕೆ ಎಸ್‌ಪಿ ರೋಡಿಗೆ ಹೋದೆ. ಗೊತ್ತಿಲ್ದೋರಿಗೆ ಹೇಳ್ತೀನಿ, ಬೆಂಗಳೂರಲ್ಲಿ ಕಂಪ್ಯೂಟರ್ ಪಾರ್ಟ್ಸ್ ಸಿಗೋ ಸಾದರ ಪತ್ರಪ್ಪ ರಸ್ತೆ, ಟೌನ್ ಹಾಲಿಂದ ನಡ್ಕೊಂಡೇ ಹೋಗ್ಬೋದು, ಗಾಡಿ ತಗೊಂಡು ಹೋದ್ರೆ ಪಾರ್ಕಿಂಗ್ ಹುಡುಕೋದ್ರಲ್ಲೇ ಅರ್ಧ ದಿನ. ನಾನು ಹಿಂದಿನ ರಾತ್ರಿನೇ ಆನ್‌ಲೈನ್ ರೇಟ್‌ಗಳನ್ನ ಒಂದು ಚೀಟಿಲಿ ಬರ್ಕೊಂಡಿದ್ದೆ, ಚೀಟಿ ಕೈಲಿ ಇದ್ರೆ ಅಂಗಡಿಯವ್ರ ಮಾತಿನ ದಾಟಿನೇ ಬೇರೆ.

ಮೊದಲ ಅಂಗಡಿಲಿ ಎಎಂಡಿ ಪ್ರೊಸೆಸರ್ ರೈಜನ್ 5 5600 ಕೇಳ್ದೆ. "ಬಾಸ್ 5600 ಯಾಕೆ, 5600ಜಿ ತಗೊಳ್ಳಿ, ಜಿ ಅಂದ್ರೆ ಗೇಮಿಂಗ್" ಅಂದ. ಮುಖದಲ್ಲಿ ಒಂದು ಗೆರೆನೂ ಅಲುಗಾಡ್ಲಿಲ್ಲ ಅವನಿಗೆ, ನಂಬಿಕೊಂಡೇ ಹೇಳ್ತಿದ್ನೋ ಏನೋ. ಜಿ ಅಂದ್ರೆ ಒಳಗಡೆನೇ ಗ್ರಾಫಿಕ್ಸ್ ಇದೆ ಅಂತ. ಕಾರ್ಡ್ ಹಾಕ್ದೆ ಇರೋರಿಗೆ ಅದು ಬೇಕು. ಕಾರ್ಡ್ ಹಾಕೋರಿಗೆ ಅದು ನಷ್ಟ, ಯಾಕಂದ್ರೆ 5600ರಲ್ಲಿ ಎಲ್3 ಕ್ಯಾಶ್ 32 ಎಂಬಿ ಇದೆ, 5600ಜಿಯಲ್ಲಿ 16 ಮಾತ್ರ, ಪಿಸಿಐಇ ಕೂಡ 3.0ಕ್ಕೇ ನಿಲ್ಲತ್ತೆ. ಗೇಮ್‌ಗಳಿಗೆ ಕ್ಯಾಶ್ ಅಂದ್ರೆ ಅಡುಗೆ ಕಟ್ಟೆ ಮೇಲಿರೋ ಸಾಂಬಾರು ಡಬ್ಬ, ಅದು ದೊಡ್ಡದಿದ್ದಷ್ಟೂ ಒಳಮನೆ ಉಗ್ರಾಣಕ್ಕೆ ಓಡಾಟ ಕಮ್ಮಿ. ಮುಂದಿನ ಅಂಗಡಿಲಿ 5600 ಸೀಲ್ಡ್ ಬಾಕ್ಸ್ 11,200ಕ್ಕೆ ಸಿಕ್ತು, ಕೂಲರ್ ಜೊತೇಲೇ ಬರತ್ತೆ.

ಇಂಟೆಲ್ ಐ5-12400ಎಫ್ ಯಾಕಲ್ಲ ಅಂತ ಕೇಳ್ಬೋದು. ಅದೂ ಒಳ್ಳೇ ಚಿಪ್ಪೇ, ಬೆಲೆನೂ ಹತ್ರ ಹತ್ರ. ನಾನು ಎಎಂಡಿಯ ಎಎಂ4 (ರೈಜನ್ 5600 ಕೂರೋ ಸಾಕೆಟ್) ಕಡೆ ವಾಲಿದ್ದು ಒಂದೇ ಕಾರಣಕ್ಕೆ, ಎರಡು ಮೂರು ವರ್ಷ ಬಿಟ್ಟು ಇದೇ ಬೋರ್ಡಿಗೆ 5700ಎಕ್ಸ್3ಡಿ ಥರದ್ದು ಕೂರಿಸ್ಬೋದು, 8 ಕೋರು, 96 ಎಂಬಿ ಕ್ಯಾಶು. ಅದರ ಮುಂದಿನ ಎಎಂ5ಗೆ ಹೋಗೋಣ ಅಂದ್ರೆ ಬೋರ್ಡು, ಡಿಡಿಆರ್5 ರ್‍ಯಾಮು ಎಲ್ಲಾ ಸೇರಿ 10 ಸಾವಿರ ಮೇಲೆ ಹೋಗ್ತಿತ್ತು, ಆ ದುಡ್ಡು ಕಾರ್ಡಿಂದ ಕಿತ್ಕೋಬೇಕಿತ್ತು.

ಮದರ್‌ಬೋರ್ಡ್ ಬಿ450, 6,300. ಬಿ550 ತಗೊಂಡಿದ್ರೆ ಪಿಸಿಐಇ 4.0 ಸಿಕ್ತಿತ್ತು, ಎರಡು ಸಾವಿರ ಜಾಸ್ತಿ. 6600 ಕಾರ್ಡ್ 8 ಲೇನಿನದು, ಮೆಮೊರಿ 8 ಜಿಬಿ ಇರೋದ್ರಿಂದ 3.0 ಬೋರ್ಡಲ್ಲಿ ಕಳ್ಕೊಳ್ಳೋದು ಚೂರೇ ಚೂರು, ಅದಕ್ಕೆ ಎರಡು ಸಾವಿರ ಸುರಿಯಕ್ಕೆ ಮನಸ್ಸು ಬರ್ಲಿಲ್ಲ. ನಾಲ್ಕು ರ್‍ಯಾಮ್ ಸ್ಲಾಟ್ ಇರ್ಬೇಕು, ಹಿಂದೆ ಬಯಾಸ್ ಫ್ಲ್ಯಾಶ್ ಬಟನ್ (ಬೋರ್ಡನ್ನ ಎಬ್ಬಿಸೋ ಮೂಲ ಸಾಫ್ಟ್‌ವೇರ್ ಬಯಾಸ್, ಅದನ್ನ ಹೊಸದು ಮಾಡೋ ಬಟನ್) ಇರ್ಬೇಕು, ಇವೆರಡೇ ನನ್ನ ಕಂಡೀಷನ್. ಆ ಬಟನ್ ಎಷ್ಟು ಉಪಕಾರ ಮಾಡ್ತು ಅಂತ ಮುಂದೆ ಗೊತ್ತಾಗತ್ತೆ.

ರ್‍ಯಾಮಿಗೆ 8 ಜಿಬಿದು ಎರಡು ಕಡ್ಡಿ ಕೇಳಿದ್ರೆ "ಸ್ಟಾಕ್ ಇಲ್ಲ, 16ರದು ಒಂದೇ ಕಡ್ಡಿ ಇದೆ, ಅದೇ ಅಲ್ವಾ" ಅಂದ್ರು. ಅದೇ ಅಲ್ಲ. ಎರಡು ಕಡ್ಡಿ ಇದ್ರೆ ಡ್ಯುಯಲ್ ಚಾನೆಲ್, ಅಂದ್ರೆ ಎರಡು ಬಾಗ್ಲು ತೆಗ್ದಂಗೆ, ಒಂದೇ ಕಡ್ಡಿ ಹಾಕಿದ್ರೆ ಅದೇ ಜನ ಒಂದೇ ಬಾಗ್ಲಲ್ಲಿ ನುಗ್ಗಬೇಕು. ಪಕ್ಕದ ಅಂಗಡಿಲಿ 3200 ಸ್ಪೀಡಿನ ಜೋಡಿ 3,500ಕ್ಕೆ ಸಿಕ್ತು. ಗೇಮು ಫೈಲು ಇಡೋ ಎಸ್‌ಎಸ್‌ಡಿ 1 ಟಿಬಿ ಎನ್‌ವಿಎಂಇ ಜೆನ್3, 5,300. 500 ಜಿಬಿಗೆ ಇಳಿಸಿ ಎರಡು ಸಾವಿರ ಉಳಿಸ್ಬೋದಿತ್ತು ಆದ್ರೆ ಈಗಿನ ಗೇಮ್‌ಗಳು ಒಂದೊಂದೇ 100 ಜಿಬಿ ನುಂಗತ್ತೆ.

ಈಗ ಎಸ್‌ಎಂಪಿಎಸ್, ಅಂದ್ರೆ ಪಿಸಿ ಒಳಗೆ ಎಲ್ಲಕ್ಕೂ ಕರೆಂಟ್ ಹಂಚೋ ಡಬ್ಬ. ಇಲ್ಲಿ ಸ್ವಲ್ಪ ಎಳೀತೀನಿ, ಬೇಜಾರಾದೋರು ಮುಂದೆ ಹೋಗಿ.

2013ರಲ್ಲಿ ನಾನು ಕಟ್ಟಿದ್ದ ಮೊದಲನೇ ಪಿಸಿಲಿ ಕ್ಯಾಬಿನೆಟ್ ಜೊತೆ ಫ್ರೀಯಾಗಿ ಬಂದ "450 ವ್ಯಾಟ್" ಎಸ್‌ಎಂಪಿಎಸ್ ಇತ್ತು, ಕೈಲಿ ಎತ್ತಿದ್ರೆ ಖಾಲಿ ಬಿಸ್ಕೆಟ್ ಡಬ್ಬದ ಥರ ಹಗುರ. ಒಂದು ಸಂಜೆ ಮಳೆ, ಕರೆಂಟ್ ಹೋಗಿ ಬಂತು ಹೋಗಿ ಬಂತು, ಮೂರನೇ ಸಲ ಬಂದಾಗ ಟಪ್ ಅಂತ ಶಬ್ದ, ಸುಟ್ಟ ವಾಸನೆ. ಅದು ಒಂದೇ ಹೋಗಿದ್ರೆ ಹಾಳಾಗ್ಲಿ ಅನ್ಬೋದಿತ್ತು, ಜೊತೆಗೆ ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಕರ್ಕೊಂಡು ಹೋಯ್ತು, ಅದ್ರಲ್ಲಿ ನನ್ನ ಫೈನಲ್ ಇಯರ್ ಪ್ರಾಜೆಕ್ಟ್, ಅಜ್ಜಿ ಫೋಟೋಗಳು. ಆಮೇಲೆ ಗೊತ್ತಾಗಿದ್ದು, ಡಬ್ಬದ ಮೇಲಿನ ದೊಡ್ಡ ನಂಬರ್ ನೋಡ್ಬಾರ್ದು, ಪಕ್ಕದ ಸ್ಟಿಕ್ಕರಲ್ಲಿ 12 ವೋಲ್ಟ್ ಲೈನಿಗೆ ಎಷ್ಟು ಆಂಪ್ ಬರ್ದಿದಾರೆ ಅಂತ ನೋಡ್ಬೇಕು. ಪ್ರೊಸೆಸರು, ಕಾರ್ಡು ಎರಡೂ ಊಟ ಮಾಡೋದು ಆ ಲೈನಲ್ಲೇ. ನನ್ನ ಆ ಡಬ್ಬದಲ್ಲಿ ಇದ್ದಿದ್ದು 16 ಆಂಪು, 12ರಿಂದ ಗುಣಿಸಿದ್ರೆ 192 ವ್ಯಾಟ್. 450 ಎಲ್ಲಿಂದ ಬಂತೋ ದೇವರೇ ಬಲ್ಲ.

ಈ ಸಲ ತಗೊಂಡಿದ್ದು 550 ವ್ಯಾಟ್, 80 ಪ್ಲಸ್ ಬ್ರಾಂಝ್ (ಕರೆಂಟ್ ಕಮ್ಮಿ ಪೋಲಾಗತ್ತೆ ಅನ್ನೋ ದರ್ಜೆ), 12 ವೋಲ್ಟಲ್ಲಿ 45 ಆಂಪು ಅಂದ್ರೆ 540 ವ್ಯಾಟ್, ಲೆಕ್ಕ ಕೂಡ್ತು. 4,200. ಈ ಪಿಸಿ ಪೂರ್ತಿ ದುಡಿದ್ರೂ 280 ವ್ಯಾಟ್ ದಾಟಲ್ಲ, ಹಾಗಾಗಿ ಇದು ಅರ್ಧ ಹೊಟ್ಟೆಲಿ ತಣ್ಣಗೆ ಕೂತಿರತ್ತೆ, ನಾಳೆ ದೊಡ್ಡ ಕಾರ್ಡ್ ಹಾಕಿದ್ರೂ ಬದಲಾಯಿಸೋದು ಬೇಡ. ಹುಡುಗ ಫೋನಲ್ಲಿ "ಮಾಮ, ಅದ್ರಲ್ಲಿ 1,500 ಉಳಿಸಿ ಗ್ಲಾಸ್ ಕ್ಯಾಬಿನೆಟ್ ತಗೋಬೋದಲ್ವಾ" ಅಂತ ಗೋಳಾಡ್ದ. ಆಗಲ್ಲ ಅಂದೆ. ಮುಂದೆ ಜಾಲರಿ ಇರೋ ಕ್ಯಾಬಿನೆಟ್, ಮೂರು ಫ್ಯಾನ್ ಸೇರಿ 3,200, ಮುಂದೆ ಗಾಜು ಹಾಕಿ ಮುಚ್ಚಿದ್ರೆ ಗಾಳಿ ಎಲ್ಲಿಂದ ಬರತ್ತೆ.

ಮಾನಿಟರ್ 10,400. ಎಲ್ಲಾ ಸೇರಿ 64,600, ಜಿಎಸ್‌ಟಿ ಬಿಲ್ ಸಮೇತ. ಎರಡು ಅಂಗಡಿಲಿ "ಬಿಲ್ ಬೇಡ ಅಂದ್ರೆ ಇನ್ನೂ ಬಿಡ್ತೀವಿ" ಅಂದ್ರು. 18 ಪರ್ಸೆಂಟ್ ಉಳಿಯತ್ತೆ ಅನ್ಸತ್ತೆ, ಆದ್ರೆ ವಾರಂಟಿ ಕೇಳೋ ದಿನ ಬಿಲ್ ಇಲ್ದೆ ಯಾರ ಮುಖ ನೋಡೋದು.

ಸಾಮಾನೆಲ್ಲಾ ಆಟೋಲಿ ಮೆಜೆಸ್ಟಿಕ್‌ಗೆ, ಅಲ್ಲಿಂದ ಹಾಸನದ ಬಸ್ಸು. ಮಾನಿಟರ್ ಡಬ್ಬನ ಡಿಕ್ಕಿಗೆ ಹಾಕಕ್ಕೆ ಧೈರ್ಯ ಬರ್ದೆ ತೊಡೆ ಮೇಲೆ ಇಟ್ಕೊಂಡು ಚನ್ನರಾಯಪಟ್ಟಣದವರೆಗೂ ಕಾಲು ಜೋಮು ಹಿಡಿದಿದ್ದೇ ಗೊತ್ತಾಗ್ಲಿಲ್ಲ.

ಭಾನುವಾರ ಬೆಳಗ್ಗೆ ಅಕ್ಕನ ಮನೆ ಹಾಲಲ್ಲಿ, ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲಲ್ಲಿ ಕೂತು ಶುರು ಮಾಡಿದ್ವಿ. ಸ್ಟ್ಯಾಟಿಕ್ ಕರೆಂಟ್ ಬಗ್ಗೆ ಭಯ ಇದ್ರೆ ಆಗಾಗ ಕ್ಯಾಬಿನೆಟ್ ಲೋಹ ಮುಟ್ಕೊಳ್ಳಿ, ಕಂಬಳಿ ಜಮಖಾನ ಮೇಲೆ ಮಾತ್ರ ಕೂರ್ಬೇಡಿ. ಪ್ರೊಸೆಸರ್ ಅವನ ಕೈಲೇ ಹಾಕ್ಸಿದೆ. ಎಎಂ4 ಚಿಪ್ಪಲ್ಲಿ ಪಿನ್‌ಗಳು ಚಿಪ್ ಹೊಟ್ಟೆ ಕೆಳಗೇ ಇರತ್ತೆ, 1331 ಪಿನ್ನು, ಮೂಲೆಲಿರೋ ಚಿನ್ನದ ತ್ರಿಕೋನನ ಸಾಕೆಟ್ ತ್ರಿಕೋನಕ್ಕೆ ಹೊಂದಿಸಿ ಬಿಟ್ರೆ ತಾನೇ ಕೂತ್ಕೊಳತ್ತೆ, ಒತ್ತೋ ಹಾಗೇ ಇಲ್ಲ. ಹುಡುಗನ ಕೈ ನಡುಗ್ತಿತ್ತು, ನನ್ನ ಎದೆ ಅದಕ್ಕಿಂತ ಜಾಸ್ತಿ.

ಕೂಲರಲ್ಲಿ ಎಡವಿದ್ವಿ. ಜೊತೆಗೆ ಬರೋ ವ್ರೇತ್ ಸ್ಟೆಲ್ತ್ ಕೂರ್ಬೇಕು ಅಂದ್ರೆ ಬೋರ್ಡ್ ಮೇಲಿರೋ ಎರಡು ಪ್ಲಾಸ್ಟಿಕ್ ಬ್ರಾಕೆಟ್ ಬಿಚ್ಚಬೇಕು. ಬಿಚ್ಚಿದ ಕೂಡ್ಲೇ ಹಿಂದಿನ ಲೋಹದ ಪ್ಲೇಟ್ ಠಣ್ ಅಂತ ನೆಲಕ್ಕೆ ಬಿತ್ತು, ಅಡುಗೆ ಮನೆಯಿಂದ ಅಕ್ಕ "ಏನೋ ಒಡೆದ್ರಿ" ಅಂತ ಓಡಿ ಬಂದ್ಲು. ಅದನ್ನ ಹಿಂದಿಂದ ಒಬ್ಬರು ಹಿಡ್ಕೋಬೇಕು, ಇನ್ನೊಬ್ಬರು ಮುಂದಿಂದ ನಾಲ್ಕು ಸ್ಕ್ರೂನ ಎದುರು ಬದುರು ಮೂಲೆ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸ್ಬೇಕು. ಶಾಖ ದಾಟಿಸೋ ಪೇಸ್ಟ್ ಕೂಲರಲ್ಲೇ ಹಚ್ಚಿರತ್ತೆ. ರ್‍ಯಾಮನ್ನ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟಿಗೆ. ಐಒ ಶೀಲ್ಡ್ (ಹಿಂದಿನ ಪೋರ್ಟ್‌ಗಳ ಸುತ್ತ ಕೂರೋ ತಗಡು) ಮರೆತು ಬೋರ್ಡ್ ಕೂರ್ಸಿ ಮತ್ತೆ ಬಿಚ್ಚಿದ್ವಿ, ಇದು ಸಂಪ್ರದಾಯ, ಪ್ರತಿ ಸಲ ಆಗತ್ತೆ.

ಪವರ್ ಬಟನ್ ಒತ್ತಿದ್ರೆ ಫ್ಯಾನ್ ತಿರುಗ್ತು, ಸ್ಕ್ರೀನ್ ಕಪ್ಪು. ಎಚ್‌ಡಿಎಂಐ ಬೋರ್ಡಿಗೆ ಹಾಕಿಬಿಟ್ನಾ ಅಂತ ನೋಡ್ದೆ, ಇಲ್ಲ, ಕಾರ್ಡಿಗೇ ಇತ್ತು. ರ್‍ಯಾಮ್ ತೆಗ್ದು ಹಾಕಿ, ಒಂದೇ ಕಡ್ಡಿ ಹಾಕಿ, ಐದು ನಿಮಿಷ ಕಾದು, ಏನೂ ಇಲ್ಲ. ಭಾವ ಪೇಪರ್ ಮೇಲಿಂದ ಕಣ್ಣೆತ್ತಿ ನೋಡಿದ್ರು, ಮಾತಾಡ್ಲಿಲ್ಲ, ಅದು ಇನ್ನೂ ಕಷ್ಟ. ಆಗ ಬೋರ್ಡ್ ಡಬ್ಬ ತಿರುಗಿಸಿ ನೋಡ್ದೆ, "ರೈಜನ್ 5000 ರೆಡಿ" ಸ್ಟಿಕ್ಕರ್ ಇಲ್ಲ. ಹಳೇ ಸ್ಟಾಕು. ಬಯಾಸ್‌ಗೆ ಈ ಚಿಪ್ಪಿನ ಪರಿಚಯನೇ ಇಲ್ಲ. ಅಂಗಡಿಲಿ ಡಬ್ಬ ನೋಡ್ದೆ ಬಟನ್ ಮಾತ್ರ ನೋಡಿದ್ದು ನಂದೇ ತಪ್ಪು.

ಪೆನ್‌ಡ್ರೈವಿಗೆ ಹೊಸ ಬಯಾಸ್ ಹಾಕಿ ಹಿಂದಿನ ಪೋರ್ಟಿಗೆ ಸಿಗಿಸಿ ಬಟನ್ ಒತ್ತಿದ್ರೆ ಆಯ್ತು, ಆದ್ರೆ ಅದಕ್ಕೆ ಫ್ಯಾಟ್32 ಫಾರ್ಮ್ಯಾಟೇ ಬೇಕು, ನನ್ನ ಹತ್ರ ಇದ್ದಿದ್ದು 64 ಜಿಬಿ, ವಿಂಡೋಸಲ್ಲಿ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಕೊಟ್ರೆ 32ಕ್ಕಿಂತ ದೊಡ್ಡದಕ್ಕೆ ಫ್ಯಾಟ್32 ತೋರ್ಸೋದೇ ಇಲ್ಲ. ಮನೆಲೆಲ್ಲಾ ಹುಡುಕಿದ್ರೆ ಸಿಕ್ಕಿದ್ದು ಭಾವನ ಕಾರಲ್ಲಿದ್ದ 8 ಜಿಬಿ ಭಕ್ತಿಗೀತೆ ಪೆನ್‌ಡ್ರೈವ್. ಹಾಡೆಲ್ಲಾ ನನ್ನ ಲ್ಯಾಪ್‌ಟಾಪಿಗೆ ಕಾಪಿ ಮಾಡ್ಕೊಂಡು, ಫಾರ್ಮ್ಯಾಟ್ ಹೊಡೆದು, ಬಯಾಸ್ ಫೈಲಿಗೆ ಮ್ಯಾನ್ಯುಯಲ್ಲಲ್ಲಿ ಹೇಳಿದ್ದ ಹೆಸ್ರೇ ಇಟ್ಟು ಸಿಗಿಸಿದೆ. ಲೈಟು ಮಿಣುಕ್ತಾ ಇರತ್ತೆ, ಅದು ನಿಲ್ಲೋವರೆಗೂ ಯಾರೂ ಸ್ವಿಚ್ ಮುಟ್ಬಾರ್ದು, ನಡುವೆ ಕರೆಂಟ್ ಹೋದ್ರೆ ಬೋರ್ಡ್ ಕೆಡಬಹುದು. ಆ ಆರು ನಿಮಿಷ ಇನ್ವರ್ಟರ್ ಇದೆ ಅಂತ ಧೈರ್ಯ ಹೇಳ್ಕೊಂಡು ಕೂತೆ. ಲೈಟ್ ನಿಲ್ತು, ಆನ್ ಮಾಡ್ದೆ, ಒಂದು ನಿಮಿಷ ಮತ್ತೆ ಕಪ್ಪು (ಹೊಸ ರ್‍ಯಾಮ್ ಲೆಕ್ಕ ಹಾಕ್ಕೊಳತ್ತೆ, ಗಾಬರಿ ಬೇಡ), ಆಮೇಲೆ ಲೋಗೋ ಬಂತು. ಹುಡುಗ ಕೂಗಿದ್ದು ಪಕ್ಕದ ಮನೆಗೂ ಕೇಳಿರ್ಬೇಕು.

ವಿಂಡೋಸ್ 11 ಹಾಕಕ್ಕೆ ಹೋದ್ರೆ "ಈ ಪಿಸಿಗೆ ಆಗಲ್ಲ" ಅಂತು. ಬಯಾಸಲ್ಲಿ ಎಫ್‌ಟಿಪಿಎಂ (ಪ್ರೊಸೆಸರ್ ಒಳಗಿನ ಭದ್ರತಾ ಸೌಲಭ್ಯ) ಆನ್, ಸಿಎಸ್‌ಎಂ (ಹಳೇ ಥರ ಬೂಟ್ ಮಾಡೋ ಮೋಡ್) ಆಫ್, ಆಗ ಒಪ್ಕೊಳ್ತು. ಭಾವ ಬಂದು "1 ಟಿಬಿ ಅಂದೆ, 931 ತೋರಿಸ್ತಿದೆ, ಉಳಿದಿದ್ದು ಅಂಗಡಿಯೋನು ಹೊಡೆದ್ನಾ" ಅಂದ್ರು. ಕಂಪನಿ ಸಾವಿರದ ಲೆಕ್ಕದಲ್ಲಿ ಮಾರತ್ತೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯತ್ತೆ ಭಾವ, ಸೇರು ಬೇರೆ ಪಾವು ಬೇರೆ ಅಂದೆ. ಒಪ್ಪಿದ ಹಾಗೆ ಕಾಣ್ಲಿಲ್ಲ.

ವ್ಯಾಲರಂಟ್ ಡೌನ್‌ಲೋಡ್ ಆಗಿ ತೆಗೆದ್ರೆ ವ್ಯಾನ್ 9003 ಅಂತ ಎರರ್. ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕಸ್ತ ಸಾಫ್ಟ್‌ವೇರ್ ಮಾತ್ರ ಬಿಡೋ ಕಾವಲು) ಆಫ್ ಇತ್ತು, ವಿಂಡೋಸ್ 11 ಇನ್‌ಸ್ಟಾಲ್ ಆಗಕ್ಕೆ ಅದು ಆನ್ ಇರ್ಲೇಬೇಕು ಅಂತಿಲ್ಲ, ಈ ಗೇಮಿಗೆ ಬೇಕು. ಬಯಾಸಿಗೆ ಹೋಗಿ ಫ್ಯಾಕ್ಟರಿ ಕೀ ಲೋಡ್ ಮಾಡಿ ಆನ್ ಮಾಡಿದ್ಮೇಲೆ ಸರಿಹೋಯ್ತು. ಅಲ್ಲೇ ಎಕ್ಸ್‌ಎಂಪಿ (ಮೆಮೊರಿನ ಅದರ ಪೂರ್ತಿ ಸ್ಪೀಡಲ್ಲಿ ಓಡಿಸೋ ಸೆಟ್ಟಿಂಗ್) ಕೂಡ ಆನ್ ಮಾಡ್ದೆ, ಇಲ್ಲಾಂದ್ರೆ 3200ರ ರ್‍ಯಾಮು 2400ರಲ್ಲೇ ನಡೀತಾ ಇತ್ತು, ಟಾಸ್ಕ್ ಮ್ಯಾನೇಜರಲ್ಲಿ ಮೆಮೊರಿ ಸ್ಪೀಡ್ ನೋಡಿ, ಎಷ್ಟೋ ಜನ ವರ್ಷಗಟ್ಟಲೆ ನೋಡೇ ಇರಲ್ಲ. ಮಾನಿಟರೂ ಹಾಗೇ, ವಿಂಡೋಸ್ ತಾನಾಗೇ 60 ಹರ್ಟ್ಜ್ ಇಟ್ಕೊಂಡಿತ್ತು, ಡಿಸ್‌ಪ್ಲೇ ಸೆಟ್ಟಿಂಗಲ್ಲಿ 165 ಮಾಡಿದ್ಮೇಲೆ ಮೌಸ್ ಪಾಯಿಂಟರ್ ಓಡಾಡೋದು ನೋಡಿನೇ ಹುಡುಗ "ಓಹ್" ಅಂದ.

ನಂಬರ್ ಕೇಳೋರಿಗೆ: ಸೆಕೆಂಡಿಗೆ ಫ್ರೇಮ್ ಲೆಕ್ಕದಲ್ಲಿ ವ್ಯಾಲರಂಟ್ 250ರ ಮೇಲೆ, ಜಿಟಿಎ 5 ಹೈ ಸೆಟ್ಟಿಂಗಲ್ಲಿ 100ರ ಆಸುಪಾಸು. ಒಂದು ಗಂಟೆ ಆಡಿದ್ಮೇಲೆ ಕಾರ್ಡ್ 66 ಡಿಗ್ರಿ, ಪ್ರೊಸೆಸರ್ ಪೂರ್ತಿ ಲೋಡಲ್ಲಿ 79. ಈ ಚಿಪ್ಪಿನ ಮಿತಿ 90, ಹಾಗಾಗಿ ಕೂಲರಿಗೆ ಬೇರೆ ದುಡ್ಡು ಹಾಕೋ ಅಗತ್ಯ ಸದ್ಯಕ್ಕಿಲ್ಲ. ಫ್ರೇಮನ್ನ 160ಕ್ಕೆ ಲಾಕ್ ಮಾಡಿಟ್ಟಿದೀನಿ, ಫ್ರೀಸಿಂಕ್ (ಮಾನಿಟರ್ ಕಾರ್ಡಿನ ವೇಗಕ್ಕೆ ಹೊಂದ್ಕೊಳ್ಳೋದು) ಮಿತಿ ಒಳಗೇ ಇರತ್ತೆ, ಫ್ಯಾನ್ ಸದ್ದೂ ಕಮ್ಮಿ.

ಮೂರು ದಿನ ಬಿಟ್ಟು ಫೋನ್ ಬಂತು, ಕರೆಂಟ್ ಹೋದಾಗೆಲ್ಲಾ ಪಿಸಿ ರೀಸ್ಟಾರ್ಟ್ ಆಗ್ತಿದೆ, ಇನ್ವರ್ಟರ್ ಇದ್ರೂ. ಇನ್ವರ್ಟರ್ ಹಿಂದಿರೋ ಸ್ವಿಚ್ ಇಕೋ ಮೋಡಲ್ಲಿತ್ತು, ಫ್ಯಾನಿಗೆ ಲೈಟಿಗೆ ಆ ಮೋಡಲ್ಲಿ ಕರೆಂಟ್ ಬದಲಾಗೋ ಗ್ಯಾಪ್ ಗೊತ್ತಾಗಲ್ಲ, ಪಿಸಿಗೆ ಗೊತ್ತಾಗತ್ತೆ. ಯುಪಿಎಸ್ ಮೋಡಿಗೆ ಹಾಕ್ಸಿದೆ, ರೀಸ್ಟಾರ್ಟ್ ನಿಲ್ತು. ಆದ್ರೆ ಆ ಮೋಡಲ್ಲಿ ವೋಲ್ಟೇಜ್ ಸ್ವಲ್ಪ ಇಳಿದ್ರೂ ಬ್ಯಾಟರಿಗೆ ಹಾರತ್ತೆ, ಸಂಜೆ ಹೊತ್ತು ಅವರ ಬೀದಿಲಿ ವೋಲ್ಟೇಜ್ ಇಳಿಯೋದು ಮಾಮೂಲು, ಬ್ಯಾಟರಿ ಬೇಗ ಖಾಲಿ ಆಗ್ತಿದೆ ಅಂತ ಅಕ್ಕನ ಕಂಪ್ಲೇಂಟ್ ಶುರುವಾಗಿದೆ. 600 ವಿಎ ಯುಪಿಎಸ್ ಒಂದು ಬೇರೆ ತಂದು ಪಿಸಿಗೆ ಮಾತ್ರ ಕೊಟ್ಟು ಇನ್ವರ್ಟರನ್ನ ಮತ್ತೆ ಇಕೋಗೆ ಹಾಕೋದು ದಸರಾ ರಜೆ ಕೆಲ್ಸ. ಅಷ್ಟೊತ್ತಿಗೆ ಭಾವನ ಪೆನ್‌ಡ್ರೈವಿಗೆ ಹಾಡೂ ವಾಪಸ್ ತುಂಬಬೇಕು, ಎರಡು ಸಲ ಕೇಳಿದಾರೆ.